ಗೊಡಚಿನಮಲ್ಕಿ ಕಾಡಿನಲ್ಲಿ ಒಂದು ದಿನದ ಕುದುರೆ ಸವಾರಿ

ಮಂಗಳವಾರ

ಬೆಳಿಗ್ಗೆ ಹತ್ತೂವರೆಗೆ ನಾನು ಮತ್ತು ನಮ್ಮ ಯಜಮಾನರು ಗೋಕಾಕದಲ್ಲಿ ಅರಣ್ಯ ಇಲಾಖೆ ಕಚೇರಿಯ ಮುಂದೆ ನಿಂತಿದ್ದೆವು. ಕೈಯಲ್ಲಿ ಒಂದು ಅರ್ಜಿ, ನಾನೇ ಪೆನ್ನಿನಲ್ಲಿ ಬರೆದ ದಾರಿಯ ನಕ್ಷೆ.

ಕುದುರೆ ನಮ್ಮಿಬ್ಬರ ಮನೆಗೂ ಹೊಸದಲ್ಲ. ಇವರ ಅಜ್ಜ ವಿಜಯಪುರದಲ್ಲಿ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆದು ಸಂಸಾರ ಸಾಕಿದವರು. ನನ್ನ ತವರು ಗೋಕಾಕದ ಹತ್ತಿರ ಕುರಿ ಕಾಯುವ ಮನೆ. ಮಳೆ ಮುಗಿದ ಮೇಲೆ ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಪಾತ್ರೆ, ಕಂಬಳಿ, ಬಲೆ, ಆಗ ತಾನೇ ಹುಟ್ಟಿದ ಮರಿ, ಎಲ್ಲ ಕುದುರೆ ಬೆನ್ನ ಮೇಲೇ ಹೋಗುತ್ತದೆ. ಆದರೆ ಅದು ಹೊರೆ ಹೊರುವ ಕುದುರೆ. ಅದರ ಮೇಲೆ ಕೂತು ಇಡೀ ಒಂದು ದಿನ ಕಾಡಿನ ದಾರಿಯಲ್ಲಿ ಹೋಗಿ ಬರಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಮೊದಲು ಖಾನಾಪುರದ ಕಡೆ ಭೀಮಗಡ ಅಂದುಕೊಂಡಿದ್ದೆವು. ಅದು 2011ರಲ್ಲಿ ವನ್ಯಜೀವಿ ಧಾಮವಾದ ಕಾಡು. ಕಾಡುಕೋಣ ಇರುವ ಜಾಗಕ್ಕೆ ಊರಿನ ಪ್ರಾಣಿ ಹೊಕ್ಕರೆ ರೋಗ ಅಲ್ಲಿಗೂ ಹೋಗಬಹುದು, ಹುಲಿ ಕರಡಿಯ ವಾಸನೆಗೆ ಕುದುರೆಯೂ ಕಂಗಾಲಾಗುತ್ತದೆ. ಆ ವಿಚಾರ ಅಲ್ಲಿಗೇ ಬಿಟ್ಟೆವು. ಗೊಡಚಿನಮಲ್ಕಿ ಸುತ್ತಲಿನ ಕುರುಚಲು ಕಾಡು ನಾನು ಚಿಕ್ಕಂದಿನಿಂದ ನೋಡಿದ್ದು. ಕಾಕಾನ ಹೊಲದಿಂದ ಹತ್ತಿರ, ಬಂಡಿ ದಾರಿ ಇದೆ, ಕೊನೆಯಲ್ಲಿ ಮಾರ್ಕಂಡೇಯ ನದಿಯ ಜಲಪಾತ.

ಕಚೇರಿಯಲ್ಲಿ ನಮ್ಮನ್ನು ಕೂರಿಸಿ ಮಾತಾಡಿದರು. "ಬೈಕ್ ಮ್ಯಾಲೆ ಹೋಗವ್ರು ದಿನಾ ಬರ್ತಾರ್ರಿ, ಕುದರಿ ತಗೊಂಡು ಹೊಕ್ಕೀನಿ ಅಂದವ್ರು ನೀವs ಮೊದಲು" ಅಂದರು. ಕುದುರೆಗೆ ಯಾಕೆ ಇಷ್ಟು ಕೇಳಬೇಕು ಅನ್ನಿಸಬಹುದು. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ದನ ಅನ್ನೋ ಮಾತಿನೊಳಗೆ ಆನೆ, ಕುದುರೆ, ಕತ್ತೆ ಎಲ್ಲ ಬರುತ್ತವೆ. ಅಂದರೆ ಕೇಳದೆ ಕುದುರೆ ಒಳಗೆ ಬಿಟ್ಟರೆ ದನ ನುಗ್ಗಿಸಿದ ಹಾಗೇ ಲೆಕ್ಕ. ನನಗೆ ಇದು ಸರಿ ಅನ್ನಿಸುತ್ತದೆ. ಕುದುರೆ ಬಾಯಿ ಸುಮ್ನೆ ಇರುವುದಿಲ್ಲ, ನಿಂತಲ್ಲಿ ಚಿಗುರು ಕೀಳುತ್ತದೆ. ಗಿಡಕ್ಕೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಬುಡದ ಮಣ್ಣೆಲ್ಲ ಕೆದರಿ ಬೇರು ಮೇಲೆ ತರುತ್ತದೆ.

ಅರ್ಜಿಯಲ್ಲಿ ಬರೆದಿದ್ದು ಇಷ್ಟು: ಶನಿವಾರ ಒಂದೇ ದಿನ, ಮೂರು ಕುದುರೆ, ಮೂರು ಜನ, ಹೋಗುವ ದಾರಿ, ಒಳಗೆ ಹೋಗುವ ಹೊತ್ತು, ಹೊರಗೆ ಬರುವ ಹೊತ್ತು. ಒಲೆ ಹಚ್ಚುವುದಿಲ್ಲ, ಮೇಯಿಸುವುದಿಲ್ಲ, ರಾತ್ರಿ ಉಳಿಯುವುದಿಲ್ಲ ಅಂತಲೂ ನಾವೇ ಬರೆದಿದ್ದೆವು. ಅವರು ಸೇರಿಸಿದ್ದು ಎರಡು ಮಾತು. ಬಂಡಿ ದಾರಿ ಬಿಟ್ಟು ಕಾಲುದಾರಿಗೆ ಇಳಿಯಬಾರದು, ಇಲಾಖೆಯ ಕಾವಲುಗಾರ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಜೊತೆಗೆ ಪಶುವೈದ್ಯರ ಚೀಟಿ ತನ್ನಿ ಅಂದರು. ಭಾನುವಾರ ಹೋಗಿ ಅಂದಿದ್ದರೆ ನಾವೇ ಬೇಡ ಅನ್ನುತ್ತಿದ್ದೆವು, ಅವತ್ತು ಜಲಪಾತದ ದಾರಿ ತುಂಬ ಬೈಕು, ಹಾಡು, ಗದ್ದಲ.

ವಾಪಸ್ಸು ಬರುವಾಗ ಗೋಕಾಕ ಫಾಲ್ಸ್ ಹತ್ತಿರ ಗಾಡಿ ನಿಲ್ಲಿಸಿದೆವು. ಡಿಸೆಂಬರ್ ತಿಂಗಳು, ನೀರು ಸಣ್ಣಗಾಗಿತ್ತು. ನೀರು ಕಡಿಮೆ ಇದ್ದಾಗಲೇ ಬಂಡೆಯ ಅಂಚು ಚೆನ್ನಾಗಿ ಕಾಣುವುದು. ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ಆ ಅಂಚು ಸರಿಯಾಗಿ ಕುದುರೆ ಲಾಳದ ಹಾಗೆ ಬಾಗಿದೆ. ಇವರು ತೂಗುಸೇತುವೆ ಕಡೆ ನಿಂತು ಅದನ್ನೇ ನೋಡುತ್ತಾ "ಬಾದಲ್‌ಗೆ ಲಾಳ ಯಾವಾಗ ಹೊಡೆಸಿದ್ದು?" ಅಂತ ಕೇಳಿದರು. ಬಾದಲ್ ಅಂದರೆ ಶನಿವಾರ ಇವರು ಕೂರಬೇಕಿದ್ದ ಕುದುರೆ. ನನಗೆ ಗೊತ್ತಿರಲಿಲ್ಲ.

ಬುಧವಾರ

ಕಾಕಾನ ಮನೆಯಲ್ಲಿ ಈಗ ಎರಡೇ ಕುದುರೆ, ಕಾಶಿ ಮತ್ತು ಗೌರಿ. ಉಳಿದವು ಅಣ್ಣಂದಿರ ಜೊತೆ ಕುರಿ ಹಿಂದೆ ಹೋಗಿವೆ. ಎರಡೂ ಗಿಡ್ಡ ತಳಿ, ಭೀಮಾ ನದಿಯ ಸೀಮೆಯಲ್ಲಿ ಕುರಿಗಾರರು ಸಾಕುವ ಭೀಮಥಡಿ ಕುದುರೆಯ ರೀತಿಯವು. ಎದೆ ಅಗಲ, ಕಾಲು ಗಟ್ಟಿ, ಗೊರಸು ಕಲ್ಲಿನ ಹಾಗೆ. ಇವಕ್ಕೆ ಲಾಳವೇ ಹೊಡೆಸುವುದಿಲ್ಲ.

ನಾನು ಟೈಲರ್ ಟೇಪು ತೆಗೆದುಕೊಂಡು ಹೋಗಿದ್ದೆ. ಕುದುರೆ ತೂಕ ಅಂದಾಜು ಮಾಡುವುದಕ್ಕೆ ಒಂದು ಲೆಕ್ಕ ಇದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಸೆಂಟಿಮೀಟರ್ ಇದೆಯೋ ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಹಿಂಭಾಗದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಬೇಕು. ಕಾಶಿಯ ಸುತ್ತಳತೆ 155, ಉದ್ದ 150. ಲೆಕ್ಕ ಹಾಕಿದರೆ 303 ಕಿಲೋ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆ ತೂಕದ ಐದನೇ ಒಂದು ಭಾಗ ಮೀರಬಾರದು, ಅಂದರೆ 60 ಕಿಲೋ. ನಾನು 54, ಜೀನು 6. ಅಲ್ಲಿಗೆ ಮುಗಿಯಿತು, ನನ್ನ ಹೆಗಲಿಗೆ ನೀರಿನ ಬಾಟಲಿ ಕೂಡ ಇಲ್ಲ.

ಇವರು 71 ಕಿಲೋ. ಕಾಶಿ ಮೇಲೂ ಗೌರಿ ಮೇಲೂ ಕೂರುವ ಹಾಗಿಲ್ಲ. ಕಾಕಾ ಮೊದಲು ಒಪ್ಪಲಿಲ್ಲ, "ಇವು ಎಷ್ಟ ಹೊರೆ ಹೊತ್ತಾವು ನಿನಗೇನ ಗೊತ್ತ ತಂಗೀ" ಅಂದರು. ಆದರೆ ಹೊರೆ ಹೊತ್ತ ಕುದುರೆ ತನ್ನ ಪಾಡಿಗೆ ತಾನು ನಡೆಯುತ್ತದೆ, ಮನುಷ್ಯ ಕೂತರೆ ಅವನ ಓಲಾಟವೂ ಅದರ ಬೆನ್ನಿಗೇ. ಅದಕ್ಕೇ ಪಕ್ಕದ ಊರಿನಲ್ಲಿ ಮದುವೆ ಮೆರವಣಿಗೆಗೆ ಹೋಗುವ ಬೂದು ಬಣ್ಣದ ದೊಡ್ಡ ಕುದುರೆ ಬಾದಲ್‌ನನ್ನು ಕೇಳಿದ್ದೆವು. ಅದರ ಅಳತೆ 172, 162. ತೂಕ 403 ಕಿಲೋ. ಇವರಿಗೂ 9 ಕಿಲೋ ಜೀನಿಗೂ ಸರಿಯಾಗುತ್ತದೆ. ಗೌರಿ ಮೇಲೆ ಸಾಮಾನು, ಕಾಕಾ ನಡೆದು ಬರುವುದು. ಜೀವನವೆಲ್ಲ ಕುರಿ ಹಿಂದೆ ನಡೆದವರು ಅವರು, ಹದಿನಾಲ್ಕು ಕಿಲೋಮೀಟರ್ ಅವರಿಗೆ ಲೆಕ್ಕಕ್ಕಿಲ್ಲ.

ಪಶುವೈದ್ಯರು ಮಧ್ಯಾಹ್ನ ಬಂದರು. ಧನುರ್ವಾಯುವಿನ ಚುಚ್ಚುಮದ್ದು ಮೂರಕ್ಕೂ ಮೊದಲೇ ಆಗಿತ್ತು. ಗ್ಲ್ಯಾಂಡರ್ಸ್ ಅನ್ನೋ ರೋಗ ಕುದುರೆಯಿಂದ ಮನುಷ್ಯನಿಗೂ ಬರುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಆಗಬೇಕು. ಹರಿಯಾಣದ ಹಿಸ್ಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ, ಈ ರೋಗದ ಪರೀಕ್ಷೆಗೆ ಅದೇ ದೊಡ್ಡ ಜಾಗ. ಇದನ್ನು ತಿಂಗಳ ಮೊದಲೇ ಮಾಡಿಸಿಟ್ಟಿದ್ದು ಒಳ್ಳೆಯದಾಯಿತು, ವಾರದೊಳಗೆ ಆಗುವ ಕೆಲಸ ಅಲ್ಲ. ವೈದ್ಯರು ನನಗೆ ನಾಡಿ ನೋಡುವುದನ್ನೂ ಕಲಿಸಿದರು. ದವಡೆ ಮೂಳೆಯ ಒಳಬದಿಗೆ ಮೂರು ಬೆರಳು ಒತ್ತಿ ಹಿಡಿದರೆ ದಪ್ಪ ದಾರದಂಥ ರಕ್ತನಾಳ ಸಿಗುತ್ತದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಕಾಶಿಯದು 38 ಇತ್ತು. ಬರೆದುಕೊಂಡೆ.

ಈಗ ಲಾಳದ ಮಾತು. ಬಾದಲ್‌ಗೆ ಲಾಳ ಹೊಡೆಸಿ ಏಳು ವಾರ ಆಗಿತ್ತು. ಆರರಿಂದ ಎಂಟು ವಾರಕ್ಕೆ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಇವರು ಕಾಲು ಎತ್ತಿ ನೋಡಿದರು. ಮೊಳೆ ಎಲ್ಲ ಇದ್ದವು. ಆದರೆ ಗೊರಸು ಬೆಳೆದು ಲಾಳದ ಅಂಚಿನಿಂದ ಸ್ವಲ್ಪ ಹೊರಗೆ ಬಂದಿತ್ತು. ಲಾಳ ಹೊಡೆಯುವ ನಾಲಬಂದರಿಗೆ ಫೋನ್ ಮಾಡಿದರೆ ಸೋಮವಾರದವರೆಗೆ ಬೇರೆ ಊರಲ್ಲಿ ಇದ್ದೀನಿ ಅಂದರು. ಇವರು ನನ್ನ ಮುಖ ನೋಡಿದರು. ಶನಿವಾರಕ್ಕೆ ಪರವಾನಗಿ ಸಿಕ್ಕಿತ್ತು, ರಜೆ ಹಾಕಿತ್ತು. "ಒಂದು ದಿನ ತಾನೇ, ತಡೆಯುತ್ತೆ" ಅಂದವಳು ನಾನು. ಇವರು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಜ್ಜನ ಕಾಲದ ಇಕ್ಕಳ, ಸುತ್ತಿಗೆ, ಅರವನ್ನು ಚೀಲಕ್ಕೆ ಹಾಕಿಕೊಂಡರು.

ಗುರುವಾರ

ಕುದುರೆ ಇಲ್ಲದೆ ಇಡೀ ದಾರಿ ನಡೆದು ನೋಡಿದೆವು. ಕಾವಲುಗಾರ ಅಣ್ಣನೂ ಬಂದಿದ್ದರು.

ಈ ದಿನ ಬಿಡಬೇಡಿ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನಡೆಯುವಾಗ ನಮ್ಮ ಕಣ್ಣು ನಮ್ಮ ಎತ್ತರದಲ್ಲಿ ಇರುತ್ತದೆ, ಕುದುರೆ ಮೇಲೆ ಕೂತವರ ತಲೆ ಎಂಟು ಅಡಿ ಮೇಲಿರುತ್ತದೆ. ಹಾಗಾಗಿ ಇವರು ಒಂದು ಕೋಲು ಎತ್ತಿ ಹಿಡಿದು ನಡೆದರು. ಕೋಲಿಗೆ ತಾಗಿದ ಪ್ರತಿ ಜಾಲಿ ಕೊಂಬೆಯನ್ನೂ ನಾನು ಬರೆದುಕೊಂಡೆ. ಕೊಂಬೆ ಕಡಿಯುವ ಹಾಗಿಲ್ಲ, ಅಲ್ಲಿ ಬಗ್ಗಬೇಕು ಅಥವಾ ಇಳಿಯಬೇಕು, ಅಷ್ಟೇ. ಅಂಥ ಜಾಗ ಒಂಬತ್ತು ಸಿಕ್ಕವು.

ಆಮೇಲೆ ನೀರು. ಕುದುರೆ ದಿನಕ್ಕೆ 25ರಿಂದ 50 ಲೀಟರ್ ಕುಡಿಯುತ್ತದೆ. ಅಷ್ಟು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಮೂರನೇ ಕಿಲೋಮೀಟರ್ ಹತ್ತಿರ ಒಂದು ಹಳ್ಳ, ಮಡುವಿನಲ್ಲಿ ತಿಳಿ ನೀರಿತ್ತು. ಕುದುರೆಯನ್ನು ಹಳ್ಳಕ್ಕೆ ಇಳಿಸಿದರೆ ದಂಡೆ ಕುಸಿಯುತ್ತದೆ, ನೀರೂ ಕೆಡುತ್ತದೆ. ಬಕೆಟ್‌ನಲ್ಲಿ ತಂದು ದಾರಿಯಲ್ಲೇ ಕುಡಿಸುವುದು ಅಂತ ತೀರ್ಮಾನ ಮಾಡಿದೆವು.

ನಾಲ್ಕನೇ ಕಿಲೋಮೀಟರ್ ಹತ್ತಿರ ಒಂದು ದಿಬ್ಬ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಅಲ್ಲಿವರೆಗೆ ಪಿಕಪ್ ಗಾಡಿ ಬರುತ್ತದೆ, ಆಚೆಗೆ ಬರುವುದಿಲ್ಲ. ಮೇವು ಸಾಗಿಸುವ ಒಬ್ಬ ಹುಡುಗನ ನಂಬರ್ ತೆಗೆದುಕೊಂಡು, ಶನಿವಾರ ಊರಲ್ಲೇ ಇರು ಅಂತ ಹೇಳಿ, ಮುಂಗಡ ಕೊಟ್ಟೆವು.

ಆರನೇ ಕಿಲೋಮೀಟರ್ ದಾಟಿದ ಮೇಲೆ ಹಾಸುಗಲ್ಲು. ಮೂವತ್ತು ಹೆಜ್ಜೆ ಉದ್ದ, ಸ್ವಲ್ಪ ಇಳಿಜಾರು. ಕಬ್ಬಿಣ ಕಲ್ಲಿನ ಮೇಲೆ ಜಾರುತ್ತದೆ ಅಂತ ಇವರು ಅಲ್ಲೇ ಹೇಳಿದರು. ಇಳಿದು ನಡೆಸುವುದು ಅಂತ ಬರೆದುಕೊಂಡೆ.

ಕೊನೆಗೆ ಜಲಪಾತ. ಮಾರ್ಕಂಡೇಯ ಇಲ್ಲಿ ಎರಡು ಸಲ ಬೀಳುತ್ತದೆ, ಮೊದಲು ಸುಮಾರು 25 ಮೀಟರ್, ಸ್ವಲ್ಪ ಮುಂದೆ ಹೋಗಿ ಮತ್ತೆ 18 ಮೀಟರ್. ಬಂಡೆ ಕೆಳಗೆ ಹೆಜ್ಜೇನು ಕಟ್ಟಿತ್ತು. ಜೇನಿನ ಹತ್ತಿರ ಕುದುರೆ ತರುವುದು ಬಹಳ ದೊಡ್ಡ ತಪ್ಪು. ಜೇನು ಎದ್ದರೆ ನಾವು ಕಂಬಳಿ ಹೊದ್ದು ಕೂರಬಹುದು, ಕಟ್ಟಿಹಾಕಿದ ಕುದುರೆ ಏನು ಮಾಡಬೇಕು? ಕುದುರೆ ನಿಲ್ಲಿಸುವ ಜಾಗವನ್ನು ಅಲ್ಲಿಂದ ಬಹಳ ಹಿಂದೆ, ಗಾಳಿ ಬೀಸುವ ಕಡೆ ನೋಡಿ ಗುರುತು ಮಾಡಿದೆವು. ಹನ್ನೆರಡೂವರೆ ಒಳಗೆ ಎಲ್ಲಿದ್ದರೂ ತಿರುಗುವುದು ಅಂತಲೂ ಮಾತಾಯಿತು.

ಶುಕ್ರವಾರ

ಹುರುಳಿ ನೆನೆಸಿದೆವು, ಜೀನಿನ ಹೊಲಿಗೆ ನೋಡಿದೆವು, ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದೆವು. ರಾತ್ರಿ ಅವ್ವ ಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಟ್ಟಳು, ಜೊತೆಗೆ ಒಂದು ಪೊಟ್ಟಣ ಕರದಂಟು. ಬೇಗ ಮಲಗಿದೆವು.

ಶನಿವಾರ

ಐದಕ್ಕೆ ಎದ್ದು ಮೊದಲು ನೀರು, ಆಮೇಲೆ ಹುಲ್ಲು, ಒಂದೊಂದು ಹಿಡಿ ಹುರುಳಿ. ಕುದುರೆಗೆ ವಾಂತಿ ಆಗುವುದಿಲ್ಲ. ತಿಂದದ್ದು ಕೆಟ್ಟರೆ ಹೊರಗೆ ಹಾಕುವ ದಾರಿಯೇ ಇಲ್ಲ, ಹೊಟ್ಟೆನೋವಿಗೆ ಸತ್ತೇ ಹೋಗಬಹುದು. ಅದಕ್ಕೇ ಕಾಳು ತಿಂದು ಒಂದು ಗಂಟೆಯಾದರೂ ಆಗದೆ ಹೊರಡಿಸಬಾರದು.

ಕಾಶಿ ಬೆನ್ನಿಗೆ ಹಾಸುವುದಕ್ಕೆ ಕಾಕಾ ಕರಿ ಕಂಬಳಿ ಮಡಚಿ ಕೊಟ್ಟರು. ಮಡಿಕೆ ಬೀಳದ ಹಾಗೆ ಅದನ್ನು ಕುತ್ತಿಗೆ ಕಡೆ ಹಾಸಿ, ಕೂದಲು ಮಲಗಿದ ದಿಕ್ಕಿಗೇ ಹಿಂದಕ್ಕೆ ಎಳೆದು ಸರಿಮಾಡಿದರು, ಆಮೇಲೆ ಅಂಗೈ ಒಳಗೆ ತೂರಿಸಿ ಇಡೀ ಬೆನ್ನು ಸವರಿ ನೋಡಿದರು. ಒಂದು ಕಡ್ಡಿ ಸಿಕ್ಕಿತು. ಬೆಂಕಿಕಡ್ಡಿಗಿಂತ ಚಿಕ್ಕದು. ಅದನ್ನು ನನಗೆ ತೋರಿಸಿ ಬಿಸಾಕಿದರು, ಮಾತಾಡಲಿಲ್ಲ. ಅದು ಅಲ್ಲೇ ಇದ್ದಿದ್ದರೆ ಸಂಜೆಗೆ ಗಾಯ ಆಗಿರುತ್ತಿತ್ತು.

ಆರೂ ಮುಕ್ಕಾಲಿಗೆ ಹೊರಟೆವು. ನಾನು ಹಿಮ್ಮಡಿ ಇರುವ ಬೂಟು ಹಾಕಿದ್ದೆ, ಹಿಮ್ಮಡಿ ಇಲ್ಲದಿದ್ದರೆ ಕಾಲು ರಿಕಾಪಿನೊಳಗೆ, ಅಂದರೆ ಜೀನಿಗೆ ನೇತುಹಾಕಿದ ಕಾಲಿಡುವ ಬಳೆಯೊಳಗೆ, ತೂರಿ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷ ನಡೆದ ಮೇಲೆ ನಿಲ್ಲಿಸಿ ಹೊಟ್ಟೆಪಟ್ಟಿ ಬಿಗಿ ಮಾಡಿದೆವು. ಹೊರಡುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಆಮೇಲೆ ಪಟ್ಟಿ ಸಡಿಲ ಆಗುತ್ತದೆ.

ಬಿಸಿಲು ಇನ್ನೂ ಎಳೆಯದು. ಬಂದರಿಕೆ, ಕವಳಿ, ಸೀತಾಫಲದ ಗಿಡ, ಮಧ್ಯೆ ಮಧ್ಯೆ ಬೇವು. ಒಂದು ತಿರುವಿನಲ್ಲಿ ನವಿಲು ಧಡ್ಡನೆ ಎದ್ದು ಹಾರಿತು. ಬಾದಲ್ ಎರಡು ಹೆಜ್ಜೆ ಪಕ್ಕಕ್ಕೆ ಹಾರಿ ನಿಂತ, ಮೈಯೆಲ್ಲ ನಡುಗುತ್ತಿತ್ತು. ಬ್ಯಾಂಡು, ಪಟಾಕಿ ಸದ್ದಿಗೆ ಹೆದರದ ಕುದುರೆ ಅದು. ಕಾಶಿ ಕಿವಿ ಮಾತ್ರ ತಿರುಗಿಸಿದಳು. ಎದುರಿಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದಾಗ ಕಾಕಾ ಕೈ ಎತ್ತಿ "ನಿಂದರ್ರಿ ತಮ್ಮಾ, ಬಂದ್ ಮಾಡ್ರಿ" ಅಂದರು. ಅವರು ಇಂಜಿನ್ ನಿಲ್ಲಿಸಿ ಪಕ್ಕಕ್ಕೆ ನಿಂತು ದಾರಿ ಬಿಟ್ಟರು, ಕಾಶಿಯ ಕುತ್ತಿಗೆ ಮುಟ್ಟಿ ಹೋದರು.

ಹಳ್ಳದ ಹತ್ತಿರ ನೀರು ಕುಡಿಸಿದೆವು. ಕಾಶಿ ಒಂದೂವರೆ ಬಕೆಟ್ ಕುಡಿದಳು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟು ನೋಡಿದೆ, ತಕ್ಷಣ ಕೂಡಿಕೊಂಡಿತು. ಚರ್ಮ ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಡಿಮೆ ಆಗಿದೆ ಅಂತ ಅರ್ಥ. ಲದ್ದಿ ಬಿದ್ದ ಕಡೆ ಕೋಲಿನಿಂದ ದಾರಿ ಪಕ್ಕಕ್ಕೆ ಸರಿಸಿ ಹರಡಿದೆವು.

ಹಾಸುಗಲ್ಲು ಬಂತು. ಎಲ್ಲರೂ ಇಳಿದೆವು. ಕಾಶಿ, ಗೌರಿ ಬರಿಗೊರಸಿನಲ್ಲಿ ಆಡಿನ ಹಾಗೆ ದಾಟಿದವು. ಬಾದಲ್ ಅರ್ಧ ದಾಟಿದಾಗ ಮುಂದಿನ ಎಡಗಾಲು ಸರ್ ಅಂತ ಜಾರಿತು. ಬೀಳಲಿಲ್ಲ, ಸಾವರಿಸಿಕೊಂಡ. ಆದರೆ ಮುಂದಿನ ಹೆಜ್ಜೆಯಿಂದ ಸದ್ದು ಬೇರೆ ಆಯಿತು. ಮೂರು ಕಾಲು ಟಕ್ ಟಕ್ ಟಕ್, ನಾಲ್ಕನೆಯದು ಕಿಣ್.

ನನ್ನ ಎದೆ ಧಸಕ್ಕೆಂದಿತು. ಇವರು ಕಾಲು ಎತ್ತಿ ಮೊಣಕಾಲ ಸಂದಿಯಲ್ಲಿ ಹಿಡಿದುಕೊಂಡರು. ಎರಡು ಮೊಳೆಯ ತಲೆ ಹಾರಿಹೋಗಿತ್ತು, ಲಾಳ ಪಕ್ಕಕ್ಕೆ ತಿರುಗಿತ್ತು, ಒಂದು ಮೊಳೆ ಬಾಗಿ ಗೊರಸಿನ ಮೆತ್ತನೆ ಭಾಗದ ಕಡೆ ಮುಖ ಮಾಡಿತ್ತು. ಇನ್ನು ಹತ್ತು ಹೆಜ್ಜೆ ನಡೆದಿದ್ದರೆ ಅದು ಒಳಗೆ ಹೋಗುತ್ತಿತ್ತು. ಇವರು ಮೊದಲು ಗೊರಸಿನ ಹೊರಗೆ ಮಡಚಿದ್ದ ಮೊಳೆ ತುದಿಗಳನ್ನು ಅರದಿಂದ ಉಜ್ಜಿ ನೇರ ಮಾಡಿದರು, ಆಮೇಲೆ ಇಕ್ಕಳವನ್ನು ಹಿಂಬದಿಯಿಂದ ಹಾಕಿ ಸ್ವಲ್ಪ ಸ್ವಲ್ಪವೇ ಒಳಮುಖವಾಗಿ ಒತ್ತುತ್ತಾ ಬಂದರು. ಜೋರು ಎಳೆದರೆ ಗೊರಸಿನ ಗೋಡೆಯೇ ಸೀಳುತ್ತದೆ. ಕಾಕಾ ಬಾದಲ್‌ನ ಹಣೆಗೆ ಹಣೆ ಕೊಟ್ಟು ಮೆಲ್ಲಗೆ ಏನೋ ಹೇಳುತ್ತಿದ್ದರು. ಲಾಳ ಬಂತು. ಕೆಳಗೆ ರಕ್ತ ಇರಲಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಗೋಣಿತಟ್ಟು ನಾಲ್ಕು ಮಡಿಕೆ ಮಾಡಿ ಗೊರಸಿಗೆ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದರು. ಕಟ್ಟು ಗೊರಸಿನ ಮೇಲೆ ಮಾತ್ರ ಇರಬೇಕು, ಅದರ ಮೇಲಿನ ಚರ್ಮಕ್ಕೆ ಬಿಗಿದರೆ ರಕ್ತ ನಿಲ್ಲುತ್ತದೆ. ನೀರು ಬೀಳುವ ಸದ್ದು ಅಲ್ಲಿಗೇ ಕೇಳುತ್ತಿತ್ತು. ಇನ್ನೊಂದು ಕಿಲೋಮೀಟರ್ ಕೂಡ ಇರಲಿಲ್ಲ. ಯಾರೂ ಆ ಕಡೆ ನೋಡಲಿಲ್ಲ.

"ದಿಬ್ಬದವರೆಗೆ ನಾವು ನಡೆಸಿಕೊಂಡು ಬರ್ತೀವಿ, ನೀನು ಮುಂದೆ ಹೋಗಿ ಫೋನ್ ಮಾಡು" ಅಂದರು ಇವರು. "ಓಡಸಬ್ಯಾಡ ತಂಗೀ, ಅಕಿಗಿ ದಾರಿ ಗೊತ್ತೈತಿ" ಅಂದರು ಕಾಕಾ.

ಹಾಗೆ ನಾನು ಮತ್ತು ಕಾಶಿ ಇಬ್ಬರೇ ಎರಡು ಕಿಲೋಮೀಟರ್ ಬಂದೆವು. ಇಡೀ ಪ್ರವಾಸದಲ್ಲಿ ನನಗೆ ಮರೆಯಲಾಗದ ಹೊತ್ತು ಅದೇ. ಲಗಾಮು ಸಡಿಲ ಬಿಟ್ಟಿದ್ದೆ. ಅವಳ ಕಿವಿ ಒಂದು ಮುಂದೆ, ಒಂದು ನನ್ನ ಕಡೆ. ನನ್ನ ಉಸಿರು ಜೋರಾದರೆ ಹಿಂದಿನ ಕಿವಿ ಅಲುಗುತ್ತಿತ್ತು. ಕೊಂಬೆ ಬಂದ ಕಡೆ ನಾನು ಬಗ್ಗುವ ಮೊದಲೇ ನಿಧಾನ ಮಾಡುತ್ತಿದ್ದಳು. ಗುರುವಾರ ಬರೆದ ಒಂಬತ್ತು ಜಾಗದಲ್ಲಿ ಒಂದೂ ಚೀಟಿ ನೋಡಬೇಕಾಗಲಿಲ್ಲ. ಧೂಳು, ಬೆವರು, ಕಂಬಳಿಯ ಉಣ್ಣೆ, ಮೂರರ ವಾಸನೆಯೂ ಬೆರೆತು ಮೂಗಿಗೆ ಬರುತ್ತಿತ್ತು. ನನಗೆ ಅಳು ಬಂತು. ಬುಧವಾರ ನಾನು ಅಂದ ಮಾತಿಗೆ ಬಾದಲ್ ಕಾಲು ಎಳೆಯುತ್ತಾ ಹಿಂದೆ ಬರುತ್ತಿದ್ದಾನೆ, ಇಲ್ಲಿ ಇವಳು ನನ್ನನ್ನು ಇಷ್ಟು ಜೋಪಾನವಾಗಿ ಹೊತ್ತು ಹೋಗುತ್ತಿದ್ದಾಳೆ.

ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿತು. ಹುಡುಗ ಮುಕ್ಕಾಲು ಗಂಟೆಯಲ್ಲಿ ಪಿಕಪ್ ತಂದ. ಅಷ್ಟರಲ್ಲಿ ಕಾಶಿಯ ನಾಡಿ ನೋಡಿದೆ. ಇಳಿದಾಗ 60 ಇತ್ತು, ಹತ್ತು ನಿಮಿಷಕ್ಕೆ 42ಕ್ಕೆ ಬಂತು. ಬಾದಲ್‌ನನ್ನು ಗಾಡಿಗೆ ಹತ್ತಿಸುವುದು ಹೇಗೆ ಅನ್ನೋ ಯೋಚನೆ ನನಗಿತ್ತು. ಕಾಕಾ ಬಂದವರೇ ಪಿಕಪ್ಪನ್ನು ಹಿಂದಕ್ಕೆ ತೆಗೆಸಿ, ಪಕ್ಕದ ಹೊಲದ ಒಡ್ಡಿಗೆ ಅಂಟಿಸಿ ನಿಲ್ಲಿಸಿದರು. ಒಡ್ಡೂ ಗಾಡಿಯ ಹಲಗೆಯೂ ಒಂದೇ ಮಟ್ಟ. ಒಳಗೆ ಹುಲ್ಲು ಹಾಸಿ, ಮುಂದೆ ಗೌರಿಯನ್ನು ನಿಲ್ಲಿಸಿ ತೋರಿಸಿದ ಮೇಲೆ ಬಾದಲ್ ತಾನಾಗಿಯೇ ಹತ್ತಿದ. ಆಮೇಲೆ ಗೌರಿಯನ್ನು ಇಳಿಸಿಕೊಂಡು ಕಾಕಾ ನಡೆದರು, ನಾನು ಕಾಶಿ ಮೇಲೆ ಬಂದೆ. ಮಧ್ಯಾಹ್ನ ಒಂದೂವರೆಗೆ ಹೊಲ ಸೇರಿದೆವು. ರೊಟ್ಟಿ ಬುತ್ತಿ ಬಿಚ್ಚಿದ್ದು ಕುದುರೆಗಳ ಬೆನ್ನು ಒರೆಸಿ ನೀರು ಕೊಟ್ಟ ಮೇಲೆ.

ಭಾನುವಾರ, ಸೋಮವಾರ

ಭಾನುವಾರ ಬೆಳಿಗ್ಗೆ, ಸಂಜೆ ಎರಡು ಸಲ ಬಾದಲ್ ಗೊರಸು ಮುಟ್ಟಿ ನೋಡಿದೆವು. ಬಿಸಿ ಇರಲಿಲ್ಲ, ಕಾಲು ಸಮ ಊರುತ್ತಿದ್ದ. ಕುದುರೆಯ ಮಾಲೀಕರಿಗೆ ನಡೆದದ್ದೆಲ್ಲ ನಾನೇ ಹೇಳಿದೆ, ಲಾಳ ಹಳೆಯದು ಅಂತ ಗೊತ್ತಿದ್ದೂ ಹೊರಟಿದ್ದು ನಾನು ಅಂತಲೂ ಹೇಳಿದೆ. ಅವರು ಬಾದಲ್‌ನ ಕಾಲು ಎತ್ತಿ ನೋಡಿ, ಇಳಿಸಿ, "ನಾಲಬಂದ ಬರೂ ಮಟಾ ಗಾಡಿಗಿ ಹೂಡಾಂಗಿಲ್ರಿ, ಮದವಿಗೂ ಕಳಸಾಂಗಿಲ್ಲ" ಅಂದರು. ಆ ಎರಡು ದಿನದ ದುಡಿಮೆ ನಾವು ಕೊಟ್ಟೆವು.

ಸೋಮವಾರ ನಾಲಬಂದರು ಬಂದರು. ನಾಲ್ಕೂ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಹೊಸದು ಹೊಡೆದರು. ಮಧ್ಯಾಹ್ನ ಕಚೇರಿಗೆ ಹೋಗಿ ಪರವಾನಗಿ ಚೀಟಿ ವಾಪಸ್ಸು ಕೊಟ್ಟೆವು, ಹಾಸುಗಲ್ಲಿನ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ ತೋರಿಸಿದೆವು. ಮುಂದಿನ ಸಲದ ಅರ್ಜಿ ಅಲ್ಲೇ ಕೂತು ಬರೆದೆ. ದಿನಾಂಕದ ಜಾಗ ಖಾಲಿ ಬಿಟ್ಟು ಇವರ ಕೈಗೆ ಕೊಟ್ಟೆ. ಇವರು ಜೇಬಿನಿಂದ ನಾಲಬಂದರ ಚೀಟಿ ತೆಗೆದು, ಹೊಸ ಲಾಳದ ತಾರೀಖಿಗೆ ಎರಡು ವಾರ ಕೂಡಿಸಿ ಅಲ್ಲಿ ತುಂಬಿದರು.